ಬಳೆ ಬಿಚ್ಚುವ ಮುನ್ನ

ಮಳೆಯನ್ನೇ ನಂಬಿದ ಎರಡು-ಮೂರು ಎಕರೆ ಹೊಲ ನಿಮ್ಮ ಮನೆಗೂ ಇದ್ದರೆ, "ಒಂದು ಬೋರು ಹೊಡೆಸೋಣ, ನಿನ್ನ ಬಳೆ ಕೊಡು" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಾನು ಕೊಟ್ಟೆ. ಮಹ್ರ್‌ನಲ್ಲಿ ಬಂದ ಎರಡು ಬಳೆ ಅಡವಿಗೆ ಹೋದವು. ಬೋರಿನಿಂದ ಮೇಲೆ ಬಂದದ್ದು ಬರೀ ಧೂಳು. ಬಳೆ ಹೋದದ್ದಕ್ಕಿಂತ ಬಡ್ಡಿ ಕಟ್ಟಬೇಕಾದದ್ದೇ ನನ್ನನ್ನು ಹೆಚ್ಚು ಸುಟ್ಟಿತು. ಬಡ್ಡಿ ಹರಾಮ್ ಎಂದು ಮಕ್ಕಳಿಗೆ ಕಲಿಸುವವಳು ನಾನೇ.

ನಮ್ಮದು ಹರಪನಹಳ್ಳಿ ತಾಲೂಕಿನ ಅರಸೀಕೆರೆ ಹೋಬಳಿ. (ಹಾಸನ ಜಿಲ್ಲೆಯ ಅರಸೀಕೆರೆಯಲ್ಲ.) 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಎಂದು ತಾಲೂಕು ಜಿಲ್ಲೆ ಬದಲಿಸುತ್ತಲೇ ಇತ್ತು. ನಮ್ಮ ಕೆಂಪು ಹೊಲ ಮಾತ್ರ ಮುಗಿಲು ನೋಡುತ್ತಲೇ ಕುಳಿತಿತ್ತು.

ಬೆಳೆ ಮನೆಗೆ ಬಂದೊಡನೆ ಉಶ್ರ್ ತೆಗೆದಿಡುವುದು ನಮ್ಮ ಅತ್ತೆಯ ಕೆಲಸ. ಮಳೆಯಿಂದ ಬೆಳೆದದ್ದರಲ್ಲಿ ಹತ್ತನೇ ಒಂದು, ದುಡಿದು ನೀರು ಹಾಯಿಸಿದ್ದರಲ್ಲಿ ಇಪ್ಪತ್ತನೇ ಒಂದು ಪಾಲೆಂಬುದು ನಿಮಗೆ ಗೊತ್ತೇ ಇದೆ. ಆ ವರ್ಷ ಅವರು ಪಾಲಿನ ಶೇಂಗಾವನ್ನು ಒಂದೊಂದಾಗಿ ಒಡೆದು ನೋಡಿ, "ಬೇಟಿ, ಜೊಳ್ಳು ಕೊಟ್ಟರೆ ಬಡವರ ಹಕ್ಕು ತೀರುತ್ತದೆಯೇ?" ಎಂದರು. ಆರಿಸಲು ಕುಳಿತೆ. ಜೊಳ್ಳಿನ ಗುಡ್ಡೆ ಕಂಡು ಗಾಬರಿಯಾಯಿತು. ಆ ವರ್ಷ ಮಳೆಯೇನೂ ಕೈಕೊಟ್ಟಿರಲಿಲ್ಲ!

ಒಂದು ಹಿಡಿ ಜೊಳ್ಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಪತಿಯೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿ ತಿಳಿದದ್ದಿಷ್ಟು: ಶೇಂಗಾದ ಹೂವು ಬಾಡಿದ ಮೇಲೆ ಸೂಜಿಯಂಥ ಕಡ್ಡಿ ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಆ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದಲ್ಲ, ತನ್ನ ಸುತ್ತಲಿನ ಮಣ್ಣಿನಿಂದಲೇ ಹೀರಬೇಕು. ಅಲ್ಲಿ ಅದಿಲ್ಲದಿದ್ದರೆ ಬೀಜ ತುಂಬುವುದಿಲ್ಲ. ಜಿಪ್ಸಂ ಕೊಡುವುದು ಇದಕ್ಕೇ. ಅದರಲ್ಲಿ ಗಂಧಕವೂ ಇದೆ. 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ರಾಜ್ಯ ಸರಕಾರ ಆರಂಭಿಸಿದ 'ಭೂಚೇತನ'ದಲ್ಲೂ ಮಣ್ಣು ಪರೀಕ್ಷಿಸಿದಾಗ ಒಣಭೂಮಿಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆಯೇ ಎದ್ದು ಕಂಡಿತ್ತು. ನಾವೋ, ಎಲ್ಲಕ್ಕೂ ನೀರನ್ನೇ ದೂರುತ್ತಿದ್ದೆವು.

ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುನ್ನ, ಮಣ್ಣು ತೆಗೆದದ್ದು ನಾನು ಮತ್ತು ಮಗಳು. ಬದು, ಮರದ ನೆರಳು, ತಿಪ್ಪೆ ಇದ್ದ ಕಡೆ ಬಿಟ್ಟು ಏಳೆಂಟು ಕಡೆ ಅರ್ಧ ಅಡಿ ಅಗೆದು, ಎಲ್ಲವನ್ನೂ ಬೆರೆಸಿ, ಅರ್ಧ ಕಿಲೋ ಚೀಲಕ್ಕೆ ತುಂಬಿದೆವು. ಇದಕ್ಕೆ ಗಂಡಸರೇ ಬೇಕೆಂದಿಲ್ಲ. ಪರೀಕ್ಷೆಯ ಚೀಟಿಯಲ್ಲಿ ಬರೆದಷ್ಟೇ ಹಾಕಿದೆವು. ಜಿಪ್ಸಂ ಎಕರೆಗೆ 200 ಕಿಲೋ, ಹೂ ಬಿಡುವಾಗ ಎಡೆ ಹೊಡೆದು ಬುಡಕ್ಕೆ. ಇಳಿಜಾರಿಗೆ ಅಡ್ಡವಾಗಿ ಬಿತ್ತಿ, ನಡುನಡುವೆ ತೊಗರಿಯ ಅಕ್ಕಡಿ ಸಾಲು ಬಿಟ್ಟೆವು. ಶೇಂಗಾ ಕಿತ್ತ ಮೇಲೂ ತೊಗರಿ ಹೊಲದಲ್ಲಿ ನಿಂತಿತ್ತು, ಮನೆಗೆ ವರ್ಷದ ಬೇಳೆಯಾಯಿತು.

ಬರ ಬಿದ್ದರೆ ಜಿಪ್ಸಂ ಮಳೆ ತರಿಸುವುದಿಲ್ಲ, ಅದೂ ನಿಜ. ಬಳೆ ಬಿಡಿಸಿಕೊಳ್ಳಲು ನಮಗೆ ಎರಡು ಬೆಳೆ ಬೇಕಾಯಿತು. ಈಗಲೂ ನಮ್ಮವರು ಆಗಾಗ ಬೋರಿನ ಮಾತೆತ್ತುತ್ತಾರೆ. ನಾನು ಬೀಜಕ್ಕಿಟ್ಟ ಶೇಂಗಾದ ಮೊರವನ್ನು ಅವರ ಮುಂದಿಟ್ಟು, "ಮೊದಲು ಇದನ್ನು ಸುಲಿಯಿರಿ" ಎನ್ನುತ್ತೇನೆ.