ಹಳೆಯ ಆಂಪ್, ಸರಿಯಾದ ಬೆಲೆ



ಚರ್ಚಿನ ಗಾಯನ ಮಂಡಳಿಗೆ ಒಂದು ಗಿಟಾರ್ ಆಂಪ್ಲಿಫಯರ್ ಬೇಕು ಎಂದರೆ ಹೊಸತಕ್ಕೆ ಹಣ ಸಾಲುವುದಿಲ್ಲ, ಹಳತನ್ನು ಕೊಳ್ಳಲು ಧೈರ್ಯ ಬರುವುದಿಲ್ಲ. ಆದರೆ ನಮ್ಮ ಕಾಸರಗೋಡಿನ ಕಡೆ ಒಂದು ಅನುಕೂಲ ಉಂಟು. ಗಲ್ಫಿನಲ್ಲಿ ದುಡಿದವರು ಊರಿಗೆ ತಂದ ಎಷ್ಟೋ ಒಳ್ಳೆಯ ಸಾಮಾನು ಮನೆಯ ಅಟ್ಟದಲ್ಲಿ ಧೂಳು ಹಿಡಿದು ಕೂತಿರುತ್ತದೆ. ಕಳೆದ ವರ್ಷ ನಮ್ಮ ಐಸಿವೈಎಂ ಘಟಕಕ್ಕೆ ಅಂಥದೊಂದು ಆಂಪ್ ಸಿಕ್ಕಿತು. ಅದನ್ನು ಪರೀಕ್ಷಿಸಿದ ಬಗೆಯನ್ನೂ ಬೆಲೆ ಮಾತಾಡುವಾಗ ನಮ್ಮೊಳಗೆ ಎದ್ದ ಪ್ರಶ್ನೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಧರ್ಮಕೇಂದ್ರದವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಆಂಪ್ ಎಂಥದ್ದು ಎಂದು ಹೇಳುತ್ತೇನೆ. ಅಜ್ಜನ ಕಾಲದ ವಾಲ್ವ್ ರೇಡಿಯೊ ನೋಡಿದ್ದೀರಲ್ಲ, ಒಳಗೆ ಗಾಜಿನ ಬುರುಡೆ ಕೆಂಪಗೆ ಉರಿಯುತ್ತಿತ್ತು. ಗಿಟಾರ್ ಆಂಪ್‌ಗಳಲ್ಲಿ ಆ ವಾಲ್ವ್, ಅಂದರೆ ಟ್ಯೂಬ್, ಇವತ್ತಿಗೂ ಉಂಟು. ಗಟ್ಟಿಯಾಗಿ ಮೀಟಿದಾಗ ಅದು ಸ್ವರವನ್ನು ಮೆಲ್ಲಗೆ ಒಡೆಯುತ್ತದೆ; ಆ ಒಡಕು ಕಿವಿಗೆ ಹಿತ. ಟ್ರಾನ್ಸಿಸ್ಟರ್ ಆಂಪ್ ಹಗುರ, ಅಗ್ಗ, ಬಾಳಿಕೆಯೂ ಹೆಚ್ಚು. ಎರಡನ್ನೂ ಸೇರಿಸಿದ್ದೇ ಹೈಬ್ರಿಡ್. 1990ರ ದಶಕದ ಆರಂಭದಲ್ಲಿ ಮಾರ್ಷಲ್ ಕಂಪನಿ ತಂದ ವಾಲ್ವ್‌ಸ್ಟೇಟ್ ಸಾಲು ಇದಕ್ಕೆ ಹೆಸರಾದ ಉದಾಹರಣೆ. ಅದರ 8080 ಮಾದರಿಯಲ್ಲಿ ಮುಂಭಾಗದ ಪ್ರೀಆಂಪ್‌ಗೆ ಒಂದೇ ಒಂದು ಸಣ್ಣ ಟ್ಯೂಬ್, ಹಿಂದೆ 80 ವ್ಯಾಟ್ ಶಕ್ತಿ ಕೊಡುವುದೆಲ್ಲ ಟ್ರಾನ್ಸಿಸ್ಟರ್, 12 ಇಂಚಿನ ಒಂದು ಸ್ಪೀಕರ್. 1970ರ ದಶಕದ ಮ್ಯೂಸಿಕ್ ಮ್ಯಾನ್ ಆಂಪ್‌ಗಳು ಇದಕ್ಕೆ ತಿರುಗುಮುರುಗು: ಮುಂದೆ ಟ್ರಾನ್ಸಿಸ್ಟರ್, ಹಿಂದೆ ದೊಡ್ಡ ಟ್ಯೂಬುಗಳು. ಕೊಳ್ಳುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ದೊಡ್ಡ ಟ್ಯೂಬುಗಳು ಬೇಗ ಸವೆಯುತ್ತವೆ, ಬದಲಾಯಿಸಲಿಕ್ಕೆ ಖರ್ಚು ಹೆಚ್ಚು. ಮುಂದಿನ ಸಣ್ಣ ಟ್ಯೂಬ್ ವರ್ಷಗಟ್ಟಲೆ ಬಾಳುತ್ತದೆ.

ನಾವು ನೋಡಲಿಕ್ಕೆ ಹೋದದ್ದು ಮುಂದೆ ಒಂದು ಸಣ್ಣ ಟ್ಯೂಬ್ ಇರುವ ಬಗೆಯದು. ನಮ್ಮ ವಾಳೆಯ ಒಬ್ಬರು ಆಂಟಿಯ ಮಗ ದುಬೈಯಲ್ಲಿದ್ದಾಗ ಕೊಂಡದ್ದು. ಅವನೀಗ ಕೆನಡಾದಲ್ಲಿದ್ದಾನೆ. "ಸ್ವರ ಬರುವುದಿಲ್ಲ, ಗುಜರಿಗೆ ಕೊಡಿ ಅಂದಿದ್ದಾನೆ. ಗುಜರಿಯವ ಐನೂರು ಕೊಡ್ತೇನೆ ಅಂದ. ನೀವು ಚರ್ಚಿಗೆ ತಗೊಳ್ಳುವುದಲ್ವಾ, ಮೂರು ಸಾವಿರ ಕೊಡಿ ಮಗಾ, ರಿಪೇರಿ ನೀವೇ ಮಾಡಿಸಿಕೊಳ್ಳಿ" ಎಂದರು ಆಂಟಿ. ನಮ್ಮ ಕೈಯಲ್ಲಿ 14,000 ರೂಪಾಯಿ ಇತ್ತು. ಹಳೆ ಪೇಪರ್ ಸಂಗ್ರಹಿಸಿ, ಮೊಂತಿ ಹಬ್ಬದ ದಿನ ಸ್ಟಾಲ್ ಹಾಕಿ ಕೂಡಿಸಿದ ಹಣ.

ನಾವು ಮೂವರು ಗಿಟಾರ್, ಎರಡು ಕೇಬಲ್, ಒಂದು ಟಾರ್ಚ್ ಹಿಡಿದುಕೊಂಡು ಹೋಗಿದ್ದೆವು. ಪ್ಲಗ್ ಹಾಕುವ ಮೊದಲು ಹಿಂದಿನ ಪಟ್ಟಿ ಓದಿದೆವು. ವೋಲ್ಟೇಜ್ 230 ಎಂದಿತ್ತು. ಅಮೆರಿಕದಿಂದ ಬಂದದ್ದಾದರೆ 120 ಇರಬಹುದು. ಅದನ್ನು ನಮ್ಮ ಮನೆಯ ಪಾಯಿಂಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ದುಬೈಯ ಪ್ಲಗ್ಗಿಗೆ ಚೌಕ ಕಾಲುಗಳು, ನಮ್ಮ ಪಾಯಿಂಟಿಗೆ ಸೇರುವುದಿಲ್ಲ. ಮೂರು ಪಿನ್ನಿನ ಸರಿಯಾದ ಅಡಾಪ್ಟರ್ ಬೇಕು. ಗುಂಯ್ ಎನ್ನುವ ಸದ್ದು ನಿಲ್ಲಿಸಲಿಕ್ಕೆ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗಿಟಾರಿನ ತಂತಿ ಆಂಪಿನ ಅರ್ತಿಗೆ ಸೇರಿರುತ್ತದೆ. ಒಳಗೆ ದೋಷ ಬಂದರೆ ಕರೆಂಟು ಹೊಡೆಯುವುದು ಬಾರಿಸುವವನಿಗೆ. ಪೆಟ್ಟಿಗೆ ಬಿಚ್ಚಲಿಕ್ಕೂ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಹಿಂದಿನಿಂದ ಟಾರ್ಚ್ ಹಾಕಿ ಸುಟ್ಟ ಕಲೆ, ಸುಟ್ಟ ವಾಸನೆ, ಹರಿದ ಸ್ಪೀಕರ್ ಇದೆಯೋ ನೋಡಿದರೆ ಸಾಕು.

ಆಮೇಲೆ ಎಲ್ಲ ನಾಬ್‌ಗಳನ್ನು ಸೊನ್ನೆಗೆ ತಂದು ಆನ್ ಮಾಡಿದೆವು. ಟ್ಯೂಬ್ ಬಿಸಿಯಾಗಲು ಅರ್ಧ ನಿಮಿಷ ಕೊಡಬೇಕು. ಗಿಟಾರ್ ಹಾಕದೆಯೇ ಕಿವಿಗೊಟ್ಟು ಕೇಳಿ. ಸ್ವಲ್ಪ ಸುಂಯ್ ಸದ್ದು ಇದ್ದದ್ದೇ. ಗಟ್ಟಿ ಗುಂಯ್ ಸದ್ದಾದರೆ ವಿಚಾರಿಸಬೇಕು. ನಮ್ಮ ಕರೆಂಟು 50 ಹರ್ಟ್ಸ್. ಅದೇ ಸದ್ದು ಬಂದರೆ ಹೆಚ್ಚಾಗಿ ಅರ್ತಿನ ತೊಂದರೆ. ಅದರ ಎರಡು ಪಟ್ಟು, 100 ಹರ್ಟ್ಸಿನ ಸದ್ದು ಬಂದರೆ ಕೆಪಾಸಿಟರ್ ಮುದಿಯಾಗಿದೆ ಎಂದು ಸಂಶಯಪಡಬಹುದು. ನಮ್ಮದರಲ್ಲಿ ಅಂಥದ್ದೇನೂ ಇರಲಿಲ್ಲ. ನಾಬ್ ತಿರುಗಿಸುವಾಗ ಕರಕರ ಎಂದಿತು. ಅದು ಧೂಳು, ಕ್ಲೀನರ್ ಸ್ಪ್ರೇಗೆ ಹೋಗುತ್ತದೆ. ನಾಬ್ ಮುಟ್ಟದೆಯೂ ಕರಕರ ಬಂದರೆ ಒಳಗೆ ಬೆಸುಗೆ ಬಿಟ್ಟಿರಬಹುದು. ಹಿಂದಿನಿಂದ ಟ್ಯೂಬ್ ಕೈಗೆ ಸಿಗುವಂತಿದ್ದರೆ ಪೆನ್ಸಿಲಿನ ಹಿಂಭಾಗದಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯ ಹಾಗೆ ಸದ್ದು ಉಳಿದರೆ ಟ್ಯೂಬ್ ಬದಲಾಯಿಸಬೇಕು. 12ಎಎಕ್ಸ್7 ಎಂದು ಕೇಳಿ. ಯುರೋಪಿನಲ್ಲಿ ಅದಕ್ಕೇ ಇಸಿಸಿ83 ಎನ್ನುತ್ತಾರೆ.

ಗಿಟಾರ್ ಹಾಕಿ ಮೀಟಿದರೆ ಆಂಟಿ ಹೇಳಿದ್ದು ನಿಜ. ಕಿವಿಯನ್ನು ಸ್ಪೀಕರಿಗೆ ತಾಗಿಸಿದರೆ ಮಾತ್ರ ಸ್ವರ. ಆದರೆ ಹಿಂದೆ ಎಫೆಕ್ಟ್ ಲೂಪಿನ ಎರಡು ತೂತುಗಳಿದ್ದವು: ಸೆಂಡ್, ರಿಟರ್ನ್. ಇಂಥ ಆಂಪ್‌ಗಳಲ್ಲಿ ಸ್ವರ ಮುಂದಿನ ಭಾಗದಿಂದ ಹಿಂದಿನ ಭಾಗಕ್ಕೆ ಹೋಗುವಾಗ ರಿಟರ್ನ್ ಜ್ಯಾಕಿನೊಳಗಿನ ಒಂದು ಸಣ್ಣ ತಗಡಿನ ಮೂಲಕ ದಾಟುವುದುಂಟು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಆ ತಗಡಿಗೆ ಕಿಲುಬು ಹಿಡಿದರೆ ದಾರಿ ಮುಚ್ಚಿತು. ಒಂದು ಕೇಬಲ್ ತೆಗೆದು ಸೆಂಡಿನಿಂದ ರಿಟರ್ನಿಗೆ ಹಾಕಿದೆವು. ಆಂಪ್ ಬಾಯಿ ಬಿಟ್ಟಿತು! ಏನು ಸ್ವರ ಮಾರಾಯರೇ, ಮೂವರೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲೊಬ್ಬ ತಟ್ಟನೆ ವಾಲ್ಯೂಮ್ ಇಳಿಸಿದ. ಆಂಟಿ ಹಿಂದಿನ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದರು.

"ಮೂರು ಸಾವಿರ ಅವರೇ ಹೇಳಿದ್ದಲ್ವಾ?" ಎಂದು ಅವನು ಪಿಸುಗುಟ್ಟಿದ. "ನಾವು ಒಂದು ಸುಳ್ಳೂ ಹೇಳ್ಲಿಲ್ಲ. ನಮ್ಮ ಸ್ವಂತಕ್ಕೂ ಅಲ್ಲ, ಚರ್ಚಿಗೆ." ಅಷ್ಟಕ್ಕೇ ನಿಲ್ಲಲಿಲ್ಲ, ಮತ್ತಾಯನ ಶುಭಸಂದೇಶವನ್ನೂ ತಂದ. "ಹೊಲದಲ್ಲಿ ನಿಧಿ ಕಂಡವನು ಹೊಲದ ಯಜಮಾನನಿಗೆ ಹೇಳಿದನಾ?"

ಅದಕ್ಕೆ ನಮ್ಮ ಕಾರ್ಯದರ್ಶಿ ಹುಡುಗಿ ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ. "ಅವನು ಇದ್ದದ್ದನ್ನೆಲ್ಲ ಮಾರಿ ಹಣ ತಂದ. ನಾವು ಹನ್ನೊಂದು ಸಾವಿರ ಉಳಿಸ್ಲಿಕ್ಕೆ ನೋಡ್ತಾ ಇದ್ದೇವೆ."

ಅವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಪೇಟೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ, ಅದಕ್ಕೆ ಜಾಣತನ ಎಂದು ಹೆಸರು. ಉಳಿದ ಹಣದಲ್ಲಿ ಎರಡು ಮೈಕ್ ಕೊಳ್ಳಬಹುದಿತ್ತು. ಆದರೆ ಆಂಟಿ ಬೆಲೆ ಹೇಳಿದ್ದು ಹಾಳಾದ ಪೆಟ್ಟಿಗೆಗೆ. ನಮ್ಮ ಮುಂದೆ ಇದ್ದದ್ದು ಹಾಳಾಗದ ಆಂಪ್. ಅದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಚಹಾ ತಂದಾಗ ಹೇಳಿಬಿಟ್ಟೆವು.

"ಹಾಳಾಗ್ಲೇ ಇಲ್ವಾ?" ಎಂದು ಆಂಟಿ ಜಗಲಿಯಲ್ಲೇ ಕೂತರು. ಮಗನಿಗೆ ವಾಟ್ಸಾಪ್ ಕಾಲ್ ಮಾಡಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ಕೇಳಿಸಿದರು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾವೇ ಲೆಕ್ಕ ಮುಂದಿಟ್ಟೆವು. ನಾವು ವಿಚಾರಿಸಿದಂತೆ ಇಷ್ಟು ಹಳೆಯ, ನಡೆಯುವ ಆಂಪಿಗೆ 12,000ದ ಆಸುಪಾಸು. ಜ್ಯಾಕ್ ಸರಿಮಾಡಿಸಲು, ನಾಬ್ ತೊಳೆಸಲು ಖರ್ಚುಂಟು. 10,000ಕ್ಕೆ ಮಾತಾಯಿತು. ಉಳಿದ ನಾಲ್ಕು ಸಾವಿರ ಮೆಕ್ಯಾನಿಕ್‌ಗೂ ಒಂದು ಹೆಚ್ಚುವರಿ ಟ್ಯೂಬಿಗೂ ಎಂದು ತೆಗೆದಿಟ್ಟೆವು. ಕೊಳ್ಳುವ ಮೊದಲು ಅರ್ಧ ಗಂಟೆ ಬಿಡದೆ ಬಾರಿಸಿಯೂ ನೋಡಿದೆವು, ಏಕೆಂದರೆ ಕೆಲವು ದೋಷ ಬಿಸಿಯಾದ ಮೇಲೇ ಕಾಣುತ್ತದೆ.

ಮುಂದಿನ ಸಭೆಯಲ್ಲಿ ಈ ವಿಷಯ ಬಂದಾಗ ಫಾದರ್ ಎರಡು ಮಾತು ಹೇಳಿದರು. ಕೊಳ್ಳುವಾಗ ಸಾಮಾನನ್ನು ಹಳಿದು, ಮನೆಗೆ ಹೋಗಿ ಜಂಬ ಕೊಚ್ಚಿಕೊಳ್ಳುವವನ ಚಿತ್ರ ಬೈಬಲಿನಲ್ಲೇ ಇದೆ, ಜ್ಞಾನೋಕ್ತಿ 20:14 ಓದಿ ಎಂದರು. ಇನ್ನೊಂದು 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರದು. ಮಾರುವವನು ದೋಷ ಮುಚ್ಚಿಡಬಾರದು ಎಂಬ ನ್ಯಾಯವನ್ನು ಅವರು ಕೊಳ್ಳುವವನಿಗೂ ಅನ್ವಯಿಸುತ್ತಾರೆ. ಒಬ್ಬ ಚಿನ್ನವನ್ನು ಕೀಳು ಲೋಹವೆಂದು ತಿಳಿದು ಮಾರುತ್ತಿದ್ದರೆ, ಅದು ಗೊತ್ತಿದ್ದೂ ಸುಮ್ಮನೆ ಕೊಂಡವನು ಅನ್ಯಾಯ ಮಾಡಿದ ಹಾಗೆ. ವ್ಯತ್ಯಾಸವನ್ನು ಹಿಂದೆ ಕೊಡಬೇಕು. ಕೊಂಡದ್ದು ಚರ್ಚಿಗೆ ಎಂದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ ಎಂದೂ ಫಾದರ್ ಸೇರಿಸಿದರು.

ಆಂಪ್ ಈಗ ಪ್ರತಿ ಭಾನುವಾರ ಕೆಲಸ ಮಾಡುತ್ತಿದೆ. ಬಲಿಪೂಜೆಗೆ ಕ್ಲೀನ್ ಚಾನೆಲ್ ಮಾತ್ರ, ವಾಲ್ಯೂಮ್ ಎರಡರ ಮೇಲೆ ಹೋಗುವುದಿಲ್ಲ. ಎತ್ತರದ ಮಾಡಿನ ಚರ್ಚಿನಲ್ಲಿ ಬೇಸ್ ಹೆಚ್ಚಿಟ್ಟರೆ ಹಾಡಿನ ಮಾತು ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಅದನ್ನೂ ಇಳಿಸಿದ್ದೇವೆ. ಮೈಕನ್ನೋ ಕೀಬೋರ್ಡನ್ನೋ ಅದಕ್ಕೆ ಹಾಕುವುದಿಲ್ಲ. ಗಿಟಾರಿನ ಸ್ಪೀಕರ್ ಗಿಟಾರಿಗೇ ಸರಿ.

ನಿಮ್ಮ ಘಟಕದವರು ಹಳೆಯ ಆಂಪ್, ಕೀಬೋರ್ಡ್, ಏನೇ ನೋಡಲಿಕ್ಕೆ ಹೋಗುವುದಾದರೂ ಮನೆಯಿಂದ ಹೊರಡುವ ಮೊದಲೇ ಒಂದು ನಿರ್ಧಾರ ಮಾಡಿಕೊಳ್ಳಿ: ಪರೀಕ್ಷೆಯಲ್ಲಿ ಏನು ಕಂಡರೂ, ಬೆಲೆ ಇಳಿಸುವಂಥದ್ದಾಗಲಿ ಏರಿಸುವಂಥದ್ದಾಗಲಿ, ಮಾರುವವರ ಎದುರಿಗೇ ಹೇಳುವುದು ಎಂದು. ಜಗಲಿಯಲ್ಲಿ ಕೂತು ಪಿಸುಗುಟ್ಟುವ ಹೊತ್ತಿಗೆ ಆ ನಿರ್ಧಾರ ಕಷ್ಟ. ಮತ್ತೆ, ಕೇಬಲ್ ಎರಡು ತೆಗೆದುಕೊಂಡು ಹೋಗಿ.