ಮುರಿದ ಅಕ್ಷರ, ದುಂಡು ಕನ್ನಡ

ಹೆಗ್ಗಡದೇವನಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಆಟೋ ಬೆನ್ನು, ಬೈಕಿನ ಟ್ಯಾಂಕು, ಅಭಿಮಾನಿಯ ತೋಳು... ಎಲ್ಲ ಕಡೆ ನೆಚ್ಚಿನ ನಟನ ಹೆಸರು! ಆದರೆ ಕೆಲವು ಕಡೆ ಅದು ಮುಳ್ಳುಬೇಲಿಯಂಥ ಮೊನಚು ಮೊನಚಾದ ಕಪ್ಪು ಇಂಗ್ಲಿಷ್ ಅಕ್ಷರಗಳಲ್ಲಿ. ಗತ್ತೇನೋ ಇದೆ, ಓದೋದು ಹೇಗೆ ಸ್ವಾಮಿ?

ಈ ಅಕ್ಷರದ ತವರು ಯೂರೋಪು. ಅಗಲ ಮೂತಿಯ ಲೇಖನಿಯನ್ನು ಓರೆಯಾಗಿ ಹಿಡಿದು ಬರೆಯುತ್ತಿದ್ದ ಬರಹ ಅದು. ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದೂ ಇದರಲ್ಲೇ. ಇದರ ಒಂದು ಬಗೆಗೆ ಜರ್ಮನರು ‘ಫ್ರಾಕ್ಟೂರ್’ ಅನ್ನುತ್ತಾರೆ, ಅಂದರೆ ಮುರಿದದ್ದು! ದುಂಡಗೆ ತಿರುಗಬೇಕಾದ ಗೆರೆ ಮೂಲೆ ಮೂಲೆಗೆ ಮುರಿದಿರುತ್ತದೆ. ಶತಮಾನಗಟ್ಟಲೆ ಅದನ್ನೇ ಓದಿದ ಜರ್ಮನಿಯಲ್ಲಿ 1941ರಲ್ಲಿ ಹಿಟ್ಲರನ ಸರ್ಕಾರವೇ ಅದಕ್ಕೆ ಕತ್ತರಿ ಹಾಕಿತು. ಈಗ ಅದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರಿನಲ್ಲಿ, ಹೆವಿ ಮೆಟಲ್ ಹಾಡುಗಾರರ ಪೋಸ್ಟರುಗಳಲ್ಲಿ ಮೆರೆಯುತ್ತಿದೆ.

ತಮಾಷೆ ಕೇಳಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಮೊಗ್ಲಿಂಗ್ ಕೂಡ ಜರ್ಮನಿಯವರೇ. ತಮ್ಮೂರಿನ ಮುಳ್ಳನ್ನು ನಮ್ಮ ಅಕ್ಷರಕ್ಕೆ ಅವರು ಚುಚ್ಚಲಿಲ್ಲ!

ಪಿ.ಯು.ಸಿ. ಬಿಟ್ಟ ಮೇಲೆ ನಾನು ಕೋಟೆಯ ಪೇಂಟರೊಬ್ಬರ ಹತ್ತಿರ ಬಣ್ಣದ ಡಬ್ಬ ಹಿಡಿಯುತ್ತಿದ್ದೆ. ಅವರದು ಒಂದೇ ಮಂತ್ರ: “ಓಡೋ ಬಸ್ಸಲ್ಲಿ ಕೂತವ್ನು ಓದ್ಬೇಕು ಕಣ್ಲಾ. ಇಲ್ದಿದ್ರೆ ಅದು ಅಕ್ಷರ ಅಲ್ಲ, ರಂಗೋಲಿ!”

ಕೈ ಪಳಗಲಿ ಅಂತ ನನ್ನಿಂದ ‘ಕಾಕನಕೋಟೆ’ ಎಂದು ಬರೆಸುತ್ತಿದ್ದರು. ನಮ್ಮ ತಾಲ್ಲೂಕಿನ ಕಾಡಿನ ಹೆಸರು. ಮಾಸ್ತಿಯವರ ನಾಟಕವಾಗಿ, 1977ರಲ್ಲಿ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ಸಿನಿಮಾ ಆದ ಹೆಸರು. ಐದಕ್ಷರದಲ್ಲಿ ‘ಕ’ ಮೂರು ಸಲ! ಅದರ ದುಂಡು ಹೊಟ್ಟೆ ಮುರಿದರೆ ಇಡೀ ಹೆಸರೇ ಕೆಟ್ಟಿತು. ಗತ್ತು ಬೇಕಾದರೆ ತಲೆಕಟ್ಟು ದಪ್ಪ ಮಾಡುತ್ತಿದ್ದರು, ಕೆಂಪಕ್ಷರಕ್ಕೆ ಕಪ್ಪು ನೆರಳು ಕೊಡುತ್ತಿದ್ದರು. ದುಂಡನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಫ್ಲೆಕ್ಸ್ ಬಂತು, ಅವರ ಕುಂಚ ಒಣಗಿತು. ಈಗ ಮನೆಗಳಿಗೆ ಸುಣ್ಣ ಹೊಡೆಯುತ್ತಾರೆ. ಫ್ಲೆಕ್ಸ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಸಿಕ್ಕ ಅಕ್ಷರ ಎಳೆದು ಕೂರಿಸುತ್ತಾನೆ. ಒತ್ತಕ್ಷರ ಕೆಳಗೆ ಕತ್ತರಿಸಿಹೋದರೂ ಕೇಳುವವರಿಲ್ಲ.

ಹಚ್ಚೆ ಹಾಕಿಸಲು ಹೊರಟ ತಮ್ಮಂದಿರೇ, ಹಾಕಿಸಿ, ಬೇಡ ಅನ್ನೋಲ್ಲ. ಆದರೆ ಜೀವಮಾನವಿಡೀ ತೋಳ ಮೇಲಿರುವ ಹೆಸರನ್ನು ಮನೆಯಲ್ಲಿರುವ ಅವ್ವ ಕೂಡ ಓದಬೇಕಲ್ಲವೆ? ದುಂಡಗೆ, ಕನ್ನಡದಲ್ಲಿ ಬರೆಸಿ. ಗತ್ತಿಗೇನೂ ಕಮ್ಮಿಯಾಗೋಲ್ಲ!