ಹೆಸರಿಲ್ಲದ ಖಾತೆ ಪುಸ್ತಕ

ರಾಮನಗರದ ರೇಷ್ಮೆ ರೀಲರ್‌ಗಳ ಮನೆಯಲ್ಲಿ ಲೆಕ್ಕದ ಪುಸ್ತಕಕ್ಕೆ ಹೆಸರು ಹಾಕುವ ರೂಢಿ ಕಡಿಮೆ. ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದ ನೆತ್ತಿಗೆ ‘ಶ್ರೀ’ ಅಥವಾ 786, ಅಷ್ಟೆ. ಬರೆಯುವವನಿಗೆ ಅದು ಯಾತರದೆಂದು ಗೊತ್ತಲ್ಲ!

ನಮ್ಮಪ್ಪ ಇಂಥ ಕಡೆ ಲೆಕ್ಕ ಬರೆದು ಸಂಸಾರ ನಡೆಸಿದವರು. ವಾರಸುದಾರರಿಲ್ಲದ ಪುಸ್ತಕ ಸಿಕ್ಕರೆ ಮೊದಲು ಅಕ್ಷರ ನೋಡುತ್ತಿರಲಿಲ್ಲ, ಕಾಲಂ ನೋಡುತ್ತಿದ್ದರು. ಹಣಕ್ಕೆ ಮೂರು ಕಾಲಂ ಇದ್ದರೆ ರೂಪಾಯಿ, ಆಣೆ, ಪೈ. ಅಂದರೆ 1957ರ ಏಪ್ರಿಲ್‌ಗಿಂತ ಹಿಂದಿನದು. ಎರಡೇ ಇದ್ದರೆ ನಯಾಪೈಸೆ ಬಂದ ಮೇಲಿನದು. (ಹೊಸ ನಾಣ್ಯ ಬಂದಮೇಲೂ ಆಣೆ ಬಿಡದ ಸಾಹುಕಾರರಿದ್ದರು, ಆ ಮಾತು ಬೇರೆ.) ಒಂದು ಕಡೆ ಗೂಡಿನ ತೂಕ, ಪಕ್ಕದಲ್ಲಿ ನೂಲಿನ ತೂಕ, ಅಂಚಿನಲ್ಲಿ ಒಂದು ಪುಟ್ಟ ಅಂಕಿ ಇದ್ದರೆ ಅದು ರೆಂಡಿಟ್ಟಾ: ಒಂದು ಪಾಲು ನೂಲಿಗೆ ಎಷ್ಟು ಪಾಲು ಗೂಡು ಹೋಯಿತೆಂಬ ಲೆಕ್ಕ. ತೂಕ ಪೌಂಡಿನಲ್ಲಿರಲಿ, ಕೆಜಿಯಲ್ಲಿರಲಿ, ಆ ಅಂಕಿ ಬದಲಾಗದು. ಅದು ಕಂಡರೆ ನೂಲು ಬಿಚ್ಚುವವರ ಪುಸ್ತಕ, ಕಾಣದಿದ್ದರೆ ಬರೀ ದಲ್ಲಾಳಿಯದು. ರಸೀತಿಯ ಮೇಲೆ ‘ಕ್ಲೋಸ್‌ಪೇಟೆ’ ಎಂಬ ಮೊಹರಿದ್ದರೆ ಊರಿನ ಹೆಸರು ರಾಮನಗರವಾಗುವ ಮುಂಚಿನದು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಆ ಹೆಸರನ್ನು ಊರು ಬಿಟ್ಟಿತು, ಬಂಡೆ ಬಿಡಲಿಲ್ಲ. ಭೂವಿಜ್ಞಾನಿಗಳಿಗೆ ನಮ್ಮ ಬೆಟ್ಟದ ಕಲ್ಲು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್.

ಈ ವಿದ್ಯೆ ನನಗೂ ಅಷ್ಟಿಷ್ಟು ಅಂಟಿದೆ. ಅದನ್ನು ನಂಬಿಯೇ ತಂಗಿಯ ಮಗಳು ಮಂಗಳೂರಿನಿಂದ ಒಂದಷ್ಟು ಫೋಟೊ ಕಳಿಸಿದಳು. ಹಳೇ ಕಾಗದಪತ್ರಗಳ ಪಟ್ಟಿ ಮಾಡುವುದು ಅವಳ ಕೆಲಸ. ಯಾವ ಪಟ್ಟಿಯಲ್ಲೂ ಇಲ್ಲದ ದಪ್ಪ ಪುಸ್ತಕವೊಂದು ಸಿಕ್ಕಿತ್ತು. ರಟ್ಟು ಹೋಗಿದೆ, ಮೊದಲ ಹಾಳೆಗಳಿಲ್ಲ, ದಿನ-ತಿಂಗಳು ಇದೆ, ವರ್ಷವಿಲ್ಲ. “ಮಾವ, ಜರ್ಮನ್ ಕೈಬರಹ. ಯುದ್ಧಕಾಲದ್ದು ಅಂತಾರೆ. ಯಾವ ಯುದ್ಧ ಅಂತ ಯಾರಿಗೂ ಗೊತ್ತಿಲ್ಲ.”

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’, ಕಿಟೆಲ್‌ನ ನಿಘಂಟು ಎಲ್ಲ ಅದೇ ಮನೆಯವು. 1914ರಲ್ಲೂ 1939ರಲ್ಲೂ ಇಲ್ಲಿನ ಜರ್ಮನ್ನರನ್ನು ಬ್ರಿಟಿಷರು ಹಿಡಿದು ಶಿಬಿರಕ್ಕೆ ಹಾಕಿದರು. ಮೊದಲ ಸಲ ಅಹಮದ್‌ನಗರ. ಆಮೇಲೆ ಎಷ್ಟೋ ಮಿಷನರಿ ಕುಟುಂಬಗಳನ್ನು ‘ಗೋಲ್ಕೊಂಡ’ ಹಡಗಿಗೆ ಹತ್ತಿಸಿ ಯುರೋಪಿಗೆ ಸಾಗಿಸಿದರು. ಎರಡನೇ ಯುದ್ಧದಲ್ಲಿ ಡೆಹ್ರಾಡೂನ್.

ಲಿಪಿ ಬಲ್ಲವರೊಬ್ಬರು ಅವಳಿಗೆ ಒಂದು ದಾರಿ ತೋರಿಸಿದ್ದರು. ಹಳೆಯ ಜರ್ಮನ್ ಕೂಡುಬರಹದ ಹೆಸರು ಕುರೆಂಟ್. ಅದನ್ನು ಸರಳಗೊಳಿಸಿದ ಸ್ಯೂಟರ್ಲೀನ್ ಬರಹ ಪ್ರಷ್ಯದ ಶಾಲೆಗಳಿಗೆ ಬಂದದ್ದು 1915ರಲ್ಲಿ. ಪುಸ್ತಕದಲ್ಲಿರುವುದು ಕುರೆಂಟ್. ಆದರೆ ಬಾಲ್ಯದಲ್ಲಿ ಕಲಿತ ಕೈ ಅರವತ್ತಾದರೂ ಹಾಗೇ ಬರೆಯುತ್ತದೆ, ಹಾಗಾಗಿ 1939ರ ಮುದುಕನೂ ಅದನ್ನು ಬರೆದಿರಬಹುದು. ಹಣದ ಕಾಲಂ ಮೂರು, ಅಂದರೆ ಮಾರ್ಕ್-ಫೆನಿಗ್ ಅಲ್ಲ, ನಮ್ಮ ರೂಪಾಯಿ ಆಣೆ ಪೈ. ಅದೂ ಎರಡು ಯುದ್ಧಕ್ಕೂ ಸಲ್ಲುತ್ತದೆ.

ನಾನು ಕೇಳಿದ್ದು ಒಂದೇ. “ಮಾರಿರೋದು ಏನು ಕಣಮ್ಮ?”

ಎಡಗಡೆ ಹೆಸರುಗಳು, ನಡುವೆ ಸಾವಿರದ ಲೆಕ್ಕದಲ್ಲಿ ಅಂಕಿ, ಪದೇಪದೇ ‘ಜೀಗೆಲ್’. ಹಂಚು! 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹರಡಿದ ಮಂಗಳೂರು ಹಂಚಿನ ಲೆಕ್ಕ. ಮೊದಲ ಯುದ್ಧದ ಹೊತ್ತಿಗೆ ಸರ್ಕಾರ ಈ ವ್ಯಾಪಾರಕ್ಕೆ ಕೈಹಾಕಿತು, ಯುದ್ಧ ಮುಗಿಯುತ್ತಲೇ ಅದು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾಯಿತು. 1939ರಲ್ಲಿ ಮಿಷನ್ನಿನ ಜರ್ಮನ್ ಗುಮಾಸ್ತನಿಗೆ ಮಾರಲು ಹಂಚೇ ಇರಲಿಲ್ಲ. ಅಲ್ಲಿಗೆ ಎರಡನೇ ಯುದ್ಧ ಬಿದ್ದುಹೋಯಿತು.

ಕೊನೆಯ ಫೋಟೊಗಳಲ್ಲಿ ಇನ್ನೊಂದು ಸಂಗತಿಯಿತ್ತು. ಉದ್ದ ಮೂಗಿನ 1, ಹೊಟ್ಟೆಗೆ ಗೆರೆ ಎಳೆದ 7 ಒಂದು ಪುಟದ ಮಧ್ಯದಲ್ಲಿ ನಿಂತುಹೋಗುತ್ತವೆ. ಕೆಳಗಿನ ಸಾಲಿನಿಂದ ಅಂಕಿಗಳು ನಮ್ಮ ಶಾಲೆಯಲ್ಲಿ ಕಲಿಸುವ ಹಾಗೆ, ಮಾತು ಇಂಗ್ಲಿಷ್. ಕಾಲಂ ಮಾತ್ರ ಅವೇ. ಬಾಕಿ ಮೊತ್ತವನ್ನು ಒಂದು ಪೈ ಹೆಚ್ಚುಕಮ್ಮಿಯಿಲ್ಲದೆ ಮುಂದಕ್ಕೆ ತಂದಿದ್ದಾರೆ. ಸಾಲಗಾರರಿಗೆ ಯುದ್ಧದಿಂದ ಏನೂ ಲಾಭವಾಗಲಿಲ್ಲ ಅನ್ನಿ.

“ಜರ್ಮನ್ ಗುಮಾಸ್ತ, 1914 ಅಂತ ಬರೆದುಬಿಡು” ಎಂದೆ. ಅವಳು ಒಪ್ಪಲಿಲ್ಲ. “ಮಿಷನ್ನಿನ ಹಂಚಿನ ವ್ಯಾಪಾರದಲ್ಲಿ ಸ್ವಿಸ್ಸಿನವರೂ ಇದ್ರಲ್ಲ ಮಾವ, ಅವರೂ ಬರೆಯೋದು ಜರ್ಮನ್ನೇ. ಅವರು ಇನ್ನೂ ಸ್ವಲ್ಪ ವರ್ಷ ಉಳಿದಿರಬಹುದು.” ಸರಿಯಾದ ಮಾತೇ. ಪಟ್ಟಿಯಲ್ಲಿ ಅವಳು ಬರೆದದ್ದು: ಹಂಚಿನ ಮಾರಾಟದ ಖಾತೆ, ಮಂಗಳೂರು, ಮೊದಲ ಮಹಾಯುದ್ಧದ ಕಾಲ, ಎರಡು ಕೈಬರಹ, ಮೊದಲನೆಯದು ಬಹುಶಃ ಜರ್ಮನ್ ನೌಕರನದು. ಆ ‘ಬಹುಶಃ’ ತೆಗೆಸಬೇಕೆಂದು ನಾನು ಇನ್ನೂ ವಾದ ಮಾಡುತ್ತಿದ್ದೇನೆ. ಬಾಕಿದಾರರ ಹೆಸರಿನ ಪುಟಗಳನ್ನೂ ಕಳಿಸು ಎಂದಿದ್ದೇನೆ.